ಬರೆದಿಟ್ಟ ಎದೆಬಡಿತ

ಕೆಂಗೇರಿ ಉಪನಗರ
14 ಜೂನ್ 2009, ಭಾನುವಾರ

ಶಾಂತವ್ವನವರಿಗೆ, ನೀವು ಆಯಾ ಆಗಿದ್ದ ಸುಂಕದಕಟ್ಟೆ ನರ್ಸಿಂಗ್ ಹೋಮಿನಲ್ಲಿದ್ದ ಸಿಸ್ಟರ್ ಚೇತನಾ ಮಾಡುವ ನಮಸ್ಕಾರಗಳು.

ಹೆಸರು ನೋಡಿದ ಕೂಡಲೇ ಕಾಗದ ಮಡಿಸಿಟ್ಟುಬಿಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಬೇರೆಯವರ ಕೈಲಿ ಓದಿಸುವುದೂ ಬೇಡ. ಕೂಡಿಸಿ ಕೂಡಿಸಿ ಓದುತ್ತೀರಿ ಅಂತ ಗೊತ್ತು, ಅದಕ್ಕೇ ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ. ನಿಮ್ಮ ಇಳಕಲ್ ವಿಳಾಸ ಕೊಟ್ಟವರು ನರ್ಸಿಂಗ್ ಹೋಮಿನ ಎದುರಿನ ಖಾನಾವಳಿಯ ದೇವೇಂದ್ರಪ್ಪ. ಮೊದಲು ಕೊಡಲಿಲ್ಲ. 'ಅಕಿಗೆ ಮತ್ತೇನು ಮಾಡಬೇಕಂತ ಮಾಡೀರಿ?' ಅಂತ ಕೇಳಿದರು. ತಪ್ಪು ಒಪ್ಪಿಕೊಳ್ಳುವುದಕ್ಕೆ ಅಂದ ಮೇಲೆ ಬರೆದುಕೊಟ್ಟರು.

ನಿಮ್ಮ ಮಂಡಿನೋವು ಹೇಗಿದೆ? ಮಗಳ ಮನೆಯಲ್ಲಿ ಇದ್ದೀರಿ, ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತೀರಿ ಅಂತ ದೇವೇಂದ್ರಪ್ಪ ಹೇಳಿದರು. ನಾನು ಈಗ ಬೇರೆ ಆಸ್ಪತ್ರೆಯಲ್ಲಿದ್ದೇನೆ. ಹೆರಿಗೆ ವಾರ್ಡಿಗೆ ಹೊಸದಾಗಿ ಸೇರುವ ಹುಡುಗಿಯರಿಗೆ ಕೆಲಸ ಕಲಿಸುವುದು ನನ್ನ ಪಾಲಿಗೆ ಬಂದಿದೆ. ನೋವು ನಿಂತ ತಕ್ಷಣ ಹೊಟ್ಟೆಯ ಮೇಲೆ ಮಗುವಿನ ಎದೆಬಡಿತ ಕೇಳುವ ಕೊಳವೆ ಇಡಿ, ಒಂದು ನಿಮಿಷ ಪೂರ್ತಿ ಎಣಿಸಿ, ನೂರಿಪ್ಪತ್ತರಿಂದ ನೂರ ಅರವತ್ತರ ಒಳಗಿರಬೇಕು, ಕೇಳದೆ ಬರೆಯಬೇಡಿ ಅಂತ ದಿನವೂ ಹೇಳುತ್ತೇನೆ. ಬಹಳ ಕಟ್ಟುನಿಟ್ಟು ಅಂತ ನನ್ನ ಬೆನ್ನ ಹಿಂದೆ ಬೈದುಕೊಳ್ಳುತ್ತಾರೆ. ಏಕೆ ಅಂತ ಯಾರಿಗೂ ಹೇಳಿಲ್ಲ.

ಎರಡು ತಿಂಗಳ ಹಿಂದೆ ಮೈಕೈ ವ್ಯಾಯಾಮ ಮಾಡಿಸುವ ವಿಭಾಗದ ಮುಂದೆ ಒಬ್ಬಳು ಹೆಂಗಸು ನನ್ನ ಕೈ ಹಿಡಿದುಕೊಂಡಳು. ಪಕ್ಕದ ಬೆಂಚಿನ ಮೇಲೆ ಆರೇಳು ವರ್ಷದ ಹುಡುಗಿ. ಕುತ್ತಿಗೆ ನಿಲ್ಲದು, ಬಾಯಿಂದ ಜೊಲ್ಲು, ಎರಡೂ ಕಾಲು ಕತ್ತರಿಯ ಹಾಗೆ ಒಂದರ ಮೇಲೊಂದು ಬಿಗಿದುಕೊಂಡಿವೆ. ನನಗೆ ಗುರುತು ಸಿಗಲಿಲ್ಲ, ಅವಳಿಗೆ ಸಿಕ್ಕಿತು. ದಾನಮ್ಮ, ಶಾಂತವ್ವ. ನಮ್ಮ ದಾನಮ್ಮ. ಕಾಮಾಕ್ಷಿಪಾಳ್ಯದ ಕಾರ್ಖಾನೆಗೆ ಹೋಗುತ್ತಿದ್ದ ಅಮರೇಶನ ಹೆಂಡತಿ. ಹುಡುಗಿಯ ಹೆಸರು ನೀಲಾ.

ಅವಳು ನನಗೆ ಕೈ ಮುಗಿದಳು. 'ಅವತ್ತ ನೀವು ಇದ್ರಿ ಅಂತ ನನ್ನ ಕೂಸು ಜೀವಂತ ಉಳೀತ್ರಿ ಸಿಸ್ಟರ್. ಆ ಆಯಾನ ಕೈ ಕೊಳೆತು ಹೋಗಲಿ ಅಂತ ದಿನಾ ದೀಪಾ ಹಚ್ಚುವಾಗ ಬೇಡಕೋತೀನಿ' ಅಂದಳು.

ಡ್ಯೂಟಿ ಇದೆ ಅಂತ ಹೇಳಿ ಬಂದುಬಿಟ್ಟೆ.

ನೀಲಾ ಹುಟ್ಟಿದ ಆ ಗುರುವಾರ ನಡೆದದ್ದು ಅರ್ಧ ನಿಮಗೆ ಗೊತ್ತು. ಇನ್ನರ್ಧ ಗೊತ್ತಿಲ್ಲ. ಎರಡನ್ನೂ ಸೇರಿಸಿ ಹೇಳುತ್ತೇನೆ.

ಲಸಿಕೆ ದಿನ ಅದು. ಇನ್ನೊಬ್ಬ ಸಿಸ್ಟರ್ ರಜೆ. ಹೊರಗೆ ಮಕ್ಕಳನ್ನು ಎತ್ತಿಕೊಂಡ ತಾಯಂದಿರ ಸಾಲು, ಒಳಗೆ ದಾನಮ್ಮ ಒಬ್ಬಳೇ ಹೆರಿಗೆ ಕೋಣೆಯಲ್ಲಿ. ಹನ್ನೆರಡು ಗಂಟೆಗೆ ಡಾಕ್ಟರಮ್ಮ ನೋವು ಹೆಚ್ಚಿಸುವ ಡ್ರಿಪ್ ಹಾಕಿಸಿ ವಿಜಯನಗರದ ಕ್ಲಿನಿಕ್ಕಿಗೆ ಹೊರಟರು. ಡ್ರಿಪ್ ಹಾಕಿದ ಮೇಲೆ ಕಾಲು ಗಂಟೆಗೊಮ್ಮೆ ಮಗುವಿನ ಎದೆಬಡಿತ ಕೇಳಿ ಚಾರ್ಟಿನಲ್ಲಿ ಬರೆಯಬೇಕು ಅಂತ ಹೇಳಿಯೇ ಹೋದರು. ಡ್ರಿಪ್ಪಿನ ನೋವು ಬಲವಾಗಿ ಬಂದರೆ ಒಳಗಿನ ಮಗುವಿಗೆ ಉಸಿರು ಕಟ್ಟಿದಂತಾಗುತ್ತದೆ. ಅದು ಬಾಯಿಬಿಟ್ಟು ಹೇಳಲಾರದು, ಎದೆಬಡಿತವೇ ಹೇಳಬೇಕು. ಇದನ್ನು ಮೂರು ವರ್ಷ ಓದಿ ಪರೀಕ್ಷೆಯಲ್ಲಿ ಬರೆದು ಪಾಸಾದವಳು ನಾನು.

ಒಂದು ಗಂಟೆಯವರೆಗೆ ನಾಲ್ಕು ಸಲ ಕೇಳಿದೆ. ನಿಜವಾಗಿ ಕೇಳಿದೆ, ಎಲ್ಲ ಸರಿಯಾಗಿತ್ತು. ಆಮೇಲೆ ಲಸಿಕೆ ಸಾಲಿನ ಹತ್ತಿರ ಕೂತೆ.

ಒಂದೂವರೆಗೆ ನೀವು ಬಾಗಿಲಿಗೆ ಬಂದಿರಿ. 'ಸಿಸ್ಟರವ್ವಾ, ದಾನಮ್ಮ ಹೊಟ್ಟ್ಯಾಗ ಕೂಸು ಆಡವಲ್ದು ಅನ್ನಾಕತ್ತಾಳ. ಒಮ್ಮೆ ಬಂದು ಕಿವಿಗೊಟ್ಟು ಕೇಳವ್ವಾ' ಅಂದಿರಿ. ನಾನು ಏನಂದೆ ಅಂತ ನಿಮಗೆ ನೆನಪಿರುತ್ತದೆ. ಅಷ್ಟು ಜನರ ಮುಂದೆ, ನಿಮ್ಮ ವಯಸ್ಸಿಗೂ ಬೆಲೆ ಕೊಡದೆ, ಸಿಸ್ಟರ್ ನೀವಾ ನಾನಾ ಅಂತ ಕೇಳಿದೆ. ಹೋಗಿ ಬೆಡ್‌ಪ್ಯಾನ್ ತೊಳೆಯಿರಿ ಅಂದೆ. ಸಾಲಿನಲ್ಲಿದ್ದ ಇಬ್ಬರು ನಕ್ಕರು. ನೀವು ಸೆರಗು ಸರಿಮಾಡಿಕೊಂಡು ಒಳಗೆ ಹೋದಿರಿ.

ಕೆಲಸ ಜಾಸ್ತಿ ಇತ್ತು, ಅದಕ್ಕೆ ಆಗಲಿಲ್ಲ ಅಂತ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನೀವು ಹೋದ ಹತ್ತು ನಿಮಿಷಕ್ಕೆ ಸಾಲು ಕರಗಿತ್ತು. ಎದ್ದು ಎಂಟು ಹೆಜ್ಜೆ ಹಾಕಿದ್ದರೆ ಸಾಕಿತ್ತು. ಆದರೆ ಆಗ ಎದ್ದರೆ ಆಯಾ ಹೇಳಿದ್ದಕ್ಕೆ ಎದ್ದ ಹಾಗಾಗುತ್ತದಲ್ಲ ಅಂತ ಕೂತೆ. ಲಸಿಕೆ ಕಾರ್ಡುಗಳನ್ನು ಜೋಡಿಸಿದೆ. ಜೋಡಿಸಿದ್ದನ್ನೇ ಬಿಚ್ಚಿ ಮತ್ತೆ ಜೋಡಿಸಿದೆ. ಇಪ್ಪತ್ನಾಲ್ಕು ವರ್ಷದವಳ ಜಂಬ, ಶಾಂತವ್ವ. ಬೇರೆ ಯಾವ ಕಾರಣವೂ ಇರಲಿಲ್ಲ.

ಎರಡೂ ಹತ್ತಕ್ಕೆ ಡಾಕ್ಟರಮ್ಮನ ಫೋನು ಬಂತು, ಹೊರಡುತ್ತಿದ್ದೇನೆ ಅಂತ. ಆಗ ಚಾರ್ಟಿನ ಖಾಲಿ ಮನೆಗಳು ಕಣ್ಣಿಗೆ ಬಿದ್ದವು. ನಾನು ಮೊದಲು ಮಗುವಿನ ಹತ್ತಿರ ಹೋಗಲಿಲ್ಲ. ಮೊದಲು ಪೆನ್ನು ತೆಗೆದೆ. ಒಂದೂಕಾಲು, ನೂರನಲವತ್ತು. ಒಂದೂವರೆ, ನೂರಮೂವತ್ತೆಂಟು. ಒಂದೂಮುಕ್ಕಾಲು, ನೂರನಲವತ್ತೆರಡು. ಎರಡು ಗಂಟೆ, ನೂರನಲವತ್ತು. ಆಮೇಲೆ ಕೊಳವೆ ಹಿಡಿದು ಒಳಗೆ ಬಂದೆ.

ಎಂಬತ್ತು ಕೇಳಿಸಿತು. ತಾಯಿಯ ನಾಡಿ ಇರಬೇಕು ಅಂದುಕೊಂಡು ದಾನಮ್ಮನ ಮಣಿಕಟ್ಟು ಹಿಡಿದೆ. ಅವಳದು ನೂರರ ಮೇಲೆ ಓಡುತ್ತಿತ್ತು. ಹಾಗಾದರೆ ಆ ಎಂಬತ್ತು ಮಗುವಿನದೇ. ನೋವು ನಿಂತ ಮೇಲೂ ಏರಲಿಲ್ಲ. ಡ್ರಿಪ್ ನಿಲ್ಲಿಸಿದೆ, ಎಡಮಗ್ಗುಲಿಗೆ ತಿರುಗಿಸಿದೆ, ಆಕ್ಸಿಜನ್ ಹಾಕಿದೆ. ಮಾಸ್ಕು ಸಿಕ್ಕಿಸಲು ಬರದಿದ್ದಾಗ ಅದನ್ನು ಸರಿಮಾಡಿದವರು ನೀವು. ಡಾಕ್ಟರಮ್ಮನ ಕಾರು ಟೋಲ್‌ಗೇಟ್ ಹತ್ತಿರ ಸಿಕ್ಕಿಹಾಕಿಕೊಂಡಿತ್ತು. ಅವರು ಬಂದಾಗ ಎರಡೂ ಮುಕ್ಕಾಲು. ಗರ್ಭದ ನೀರು ಹಸಿರಾಗಿ, ಗಟ್ಟಿಯಾಗಿ ಬಂತು, ಮಗು ಒಳಗೇ ಸಂಕಟಪಟ್ಟ ಗುರುತು ಅದು. ಹೊಟ್ಟೆ ಒತ್ತು ಅಂತ ನಿಮಗೆ ಹೇಳಿದವರು ಡಾಕ್ಟರಮ್ಮ. ನೀವು ಅವರ ಮಾತಿಗೆ ಒತ್ತಿದಿರಿ. ನಾನು ಪಕ್ಕದಲ್ಲೇ ಇದ್ದೆ. ಮಗು ಅಳಲಿಲ್ಲ. ಉಸಿರು ಹಾಕಿ, ಬೆನ್ನು ತಿಕ್ಕಿ, ಆಂಬುಲೆನ್ಸಿನಲ್ಲಿ ಮಕ್ಕಳ ಆಸ್ಪತ್ರೆಗೆ ಕಳಿಸುವಾಗಲೂ ಅಳಲಿಲ್ಲ.

ಇಲ್ಲಿಯವರೆಗೆ ನೀವು ಕಣ್ಣಾರೆ ಕಂಡದ್ದು. ನೀವು ಕಾಣದ್ದು ಶನಿವಾರ ಬೆಳಿಗ್ಗೆ ಡಾಕ್ಟರಮ್ಮನ ಕೋಣೆಯಲ್ಲಿ ನಡೆಯಿತು. ಹಿಂದಿನ ದಿನ ಅಮರೇಶ ತನ್ನ ಕಡೆಯವರನ್ನು ಕರೆದುಕೊಂಡು ಬಂದು ಬಾಗಿಲಲ್ಲಿ ಕೂಗಾಡಿದ್ದನಲ್ಲ. ಡಾಕ್ಟರಮ್ಮ ಚಾರ್ಟನ್ನು ನನ್ನ ಮುಂದೆ ಇಟ್ಟು ಕೇಳಿದರು: 'ನೋಡು ಚೇತನಾ, ಎರಡು ಗಂಟೆವರೆಗೂ ಮಗು ಚೆನ್ನಾಗೇ ಇದೆ. ಹಾಗಾದ್ರೆ ಆಮೇಲೆ ಏನಾಯ್ತು? ನಾನು ಬರೋಕೆ ಮುಂಚೆ ಯಾರಾದ್ರೂ ಹೊಟ್ಟೆ ಒತ್ತಿದ್ರಾ?'

ನಾನು ಬರೆದ ನಾಲ್ಕು ಸುಳ್ಳಿಗೆ ಐದನೆಯದೊಂದು ಬೇಕಾಗಿತ್ತು. ಹೌದು ಮೇಡಂ, ಆಯಮ್ಮ ಒತ್ತಿದರು, ಬೇಡ ಅಂದರೂ ಕೇಳಲಿಲ್ಲ ಅಂದೆ. ಹಾಗೇ ಬರೆದು ಸಹಿ ಹಾಕಿದೆ. ಅಮರೇಶನಿಗೂ ಡಾಕ್ಟರಮ್ಮ ಅದನ್ನೇ ಹೇಳಿದರು; ನೋವಿನಲ್ಲಿದ್ದ ದಾನಮ್ಮನಿಗೆ ಯಾರು ಯಾವಾಗ ಒತ್ತಿದರು ಅನ್ನುವುದು ತಿಳಿದಿರಲಿಲ್ಲ. ಡಾಕ್ಟರಮ್ಮ ನಂಬಿದರೋ, ನಂಬುವುದು ಅವರಿಗೂ ಅನುಕೂಲವಾಗಿತ್ತೋ ನನಗೆ ತಿಳಿಯದು. ಮಧ್ಯಾಹ್ನ ನೀವು ಕೆಲಸ ಕಳೆದುಕೊಂಡು, ನಿಮ್ಮ ಸ್ಟೀಲಿನ ಬುತ್ತಿ ಡಬ್ಬಿ ಎತ್ತಿಕೊಂಡು ಗೇಟು ದಾಟಿದ್ದನ್ನು ಮೇಲಿನ ಕಿಟಕಿಯಿಂದ ನೋಡಿದೆ. ಕೆಳಗಿಳಿದು ಬರಲಿಲ್ಲ. ಹನ್ನೊಂದು ವರ್ಷ ಆ ಕೋಣೆ ಒರೆಸಿದವರು ನೀವು.

ಈ ಸ್ಥಿತಿಯ ಮಕ್ಕಳಿಗೆಲ್ಲ ಹೆರಿಗೆಯೇ ಕಾರಣ ಅಲ್ಲ, ಎಷ್ಟೋ ಸಲ ಬಸಿರಿನಲ್ಲೇ ಏನೋ ಆಗಿರುತ್ತದೆ ಅಂತ ಪುಸ್ತಕದಲ್ಲಿ ಓದಿದೆ. ಆ ಪುಟವನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಒಂದೂವರೆಗೆ ಎದ್ದು ಬಂದಿದ್ದರೆ ನೀಲಾ ಇವತ್ತು ಓಡಾಡುತ್ತಿದ್ದಳಾ? ಗೊತ್ತಿಲ್ಲ. ಗೊತ್ತಾಗುವ ದಾರಿ ಇತ್ತು, ಅದನ್ನು ಮುಚ್ಚಿದವಳು ನಾನು.

ದಾನಮ್ಮನ ಶಾಪ ಕೇಳಿದ ಮೇಲೆ ಮೂರು ವಾರ ತಡೆದುಕೊಂಡೆ. ಆಮೇಲೆ ಒಂದು ಬೆಳಿಗ್ಗೆ ಸುಂಕದಕಟ್ಟೆಯ ಅವಳ ಮನೆಗೆ ಹೋದೆ. ಕೂಸಿಗೆ ಗಂಜಿ ಕುಡಿಸುತ್ತಿದ್ದಳು. ಒಂದೊಂದು ಚಮಚಕ್ಕೂ ಗದ್ದ ಎತ್ತಿ ಹಿಡಿಯಬೇಕು, ಕೆಮ್ಮಿದರೆ ಕಾಯಬೇಕು. ನಾನು ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಅವಳು ಚಮಚ ನಿಲ್ಲಿಸಲಿಲ್ಲ. ಬಟ್ಟಲು ಬರಿದಾದ ಮೇಲೆ ಕೂಸಿನ ಬಾಯಿ ಒರೆಸಿ, ಎಷ್ಟು ಹೊತ್ತು ಕೇಳಿರಲಿಲ್ಲ ಅಂತ ಕೇಳಿದಳು. ಒಂದು ಗಂಟೆ ಹತ್ತು ನಿಮಿಷ ಅಂದೆ.

'ಕೂಸು ಆಡವಲ್ದು ಅಂತ ನಾ ಹೇಳಿದ್ನಿ. ಹೇಳಿದ್ದು ಖರೇನೋ, ನೋವಿನಾಗ ನನಗ ಹಂಗ ಅನಿಸಿತ್ತೋ ಅಂತ ಏಳು ವರ್ಷ ನನ್ನ ತಲಿ ಮ್ಯಾಲೆ ನಾನೇ ಅನುಮಾನ ಪಟ್ಟೀನಿ' ಅಂದಳು.

ನಾನು ಅವಳ ಕಾಲು ಮುಟ್ಟಲು ಹೋದೆ. ಹಿಂದೆ ಸರಿದಳು. ಬೈಯಲಿಲ್ಲ, ಹೊಡೆಯಲಿಲ್ಲ. ಆ ಮುದುಕಿ ಎಲ್ಲಿದ್ದಾಳೆ ಅಂತಷ್ಟೇ ಕೇಳಿದಳು. ಗೊತ್ತಿಲ್ಲ ಅಂದೆ. ಹುಡುಕು ಅಂದಳು. ಇಷ್ಟು ದಿನ ಬೇಡಿಕೊಂಡದ್ದು ಅಕಿಗೆ ತಟ್ಟಿದ್ದರೆ ನಾನೇನು ಮಾಡಲಿ ಅಂತ ಆಗ ಅತ್ತಳು. ಅತ್ತದ್ದು ನಿಮಗಾಗಿ, ನನಗಾಗಿ ಅಲ್ಲ. ಅಮರೇಶ ಬಂದು ಬಾಗಿಲು ತೋರಿಸಿದ.

ಒಂದು ವಾರದ ಮೇಲೆ ಅವನು ಆಸ್ಪತ್ರೆಗೆ ಬಂದು, ಹೇಳಿದ್ದನ್ನೆಲ್ಲ ಬರೆದುಕೊಡಿ ಅಂದ. ಬರೆದುಕೊಟ್ಟೆ. ವಕೀಲರ ಮೂಲಕ ದೂರು ಕೊಟ್ಟಿದ್ದಾರೆ. ನನ್ನ ನರ್ಸಿಂಗ್ ನೋಂದಣಿ ಉಳಿಯುವುದು ಅನುಮಾನ. ನನ್ನ ಗಂಡ ಮಹದೇವ್, ಹಳೆಯದನ್ನು ಕೆದಕಿ ಮನೆ ಹಾಳು ಮಾಡಿದೆ ಅಂತ ಮಾತು ಬಿಟ್ಟಿದ್ದಾರೆ. ಇದನ್ನು ನಿಮ್ಮ ಕನಿಕರಕ್ಕೆ ಬರೆದಿಲ್ಲ. ವಿಚಾರಣೆಗೆ ನಿಮ್ಮನ್ನು ಕರೆಯಬಹುದು. ಕರೆದರೆ ಬಂದು ನಡೆದದ್ದನ್ನು ನಡೆದ ಹಾಗೇ ಹೇಳಿ. ಚಿಕ್ಕವಳು ಪಾಪ ಅಂತ ನನ್ನ ಕಡೆ ಒಂದು ಮಾತೂ ವಾಲಬೇಡಿ. ನಿಮ್ಮ ಹೆಸರಿಗೆ ನಾನು ಮೆತ್ತಿದ್ದು ಕಾಗದದ ಮೇಲಾದರೂ ಹೋಗಲಿ.

ಕ್ಷಮಿಸಿ ಅಂತ ಬರೆಯಲು ಕೂತಿದ್ದೆ. ಬರೆಯುತ್ತಾ ಬಂದ ಮೇಲೆ ಆ ಪದ ಕೇಳುವ ಯೋಗ್ಯತೆ ನನಗೆ ಕಾಣಲಿಲ್ಲ. ದಾನಮ್ಮ ನಿಮ್ಮ ವಿಳಾಸ ಕೇಳುತ್ತಿದ್ದಾಳೆ. ನಿಮ್ಮನ್ನು ಕೇಳದೆ ಕೊಡುವುದಿಲ್ಲ. ಕೊಡಬಹುದು ಅಂದರೆ ಒಂದು ಕಾರ್ಡು ಹಾಕಿ. ನನಗೆ ಬೇಡ, ದೇವೇಂದ್ರಪ್ಪನ ಖಾನಾವಳಿಗೆ ಹಾಕಿದರೂ ಸಾಕು.

ಆರೋಗ್ಯ ನೋಡಿಕೊಳ್ಳಿ.

ನಿಮಗೆ ಅನ್ಯಾಯ ಮಾಡಿದ,
ಚೇತನಾ

ತಾ.ಕ.: ಒಂದು ಮಾತು ಮೇಲೆ ಬರೆಯಲು ಕೈ ಬರಲಿಲ್ಲ. ಮೊನ್ನೆ ವಕೀಲರು ನರ್ಸಿಂಗ್ ಹೋಮಿನ ಹಳೆಯ ಫೈಲು ತೋರಿಸಿದರು. ನನ್ನ ಹೇಳಿಕೆಯ ಕೆಳಗೆ ನಿಮ್ಮದೂ ಇತ್ತು. ನೀವೂ ಹೇಳಿಕೆ ಕೊಟ್ಟಿದ್ದಿರಿ ಅಂತ ನನಗೆ ಆವರೆಗೆ ಗೊತ್ತಿರಲಿಲ್ಲ. ಆಫೀಸಿನವರು ಬರೆದುಕೊಂಡದ್ದಕ್ಕೆ ನೀವು ಒಂದೊಂದೇ ಅಕ್ಷರ ಬಿಡಿಸಿ ಸಹಿ ಮಾಡಿದ್ದೀರಿ. ಎರಡೇ ಸಾಲು: 'ಸಿಸ್ಟರು ಕಾಲು ಗಂಟೆಗೊಮ್ಮೆ ಬಂದು ಎದೆಬಡಿತ ಕೇಳುತ್ತಿದ್ದರು, ನಾನೇ ನೋಡಿದ್ದೇನೆ. ಆ ಹುಡುಗಿಯದು ಏನೂ ತಪ್ಪಿಲ್ಲ.' ತಾರೀಖು ನೋಡಿದೆ. ಶುಕ್ರವಾರ ಸಂಜೆ. ನಾನು ನಿಮ್ಮ ಹೆಸರು ಹೇಳುವ ಹಿಂದಿನ ದಿನ.