ಜಾಡಿ ದುಡ್ಡಿನ ಕೋಟು

ಪೈನ್ ಲೆವೆಲ್, ಅರ್ಕಾನ್ಸಾ
ಅಕ್ಟೋಬರ್ 21, ಮಂಗಳವಾರ

ನನ್ನ ಕಂದ ಜ್ಯಾರೆಟ್,

ಹೇಗಿದ್ದೀಯಪ್ಪ? ಹೊಟ್ಟೆ ತುಂಬ ಊಟ ಮಾಡುತ್ತಿದ್ದೀಯಾ? ನೀನು ಫೋನ್ ಮೇಲೆ ಫೋನ್ ಮಾಡಿದರೂ ನಾನು ಎತ್ತಲಿಲ್ಲ, ಕ್ಷಮಿಸು. ಎತ್ತಿದ್ದರೆ ಕಿರುಚುತ್ತಿದ್ದೆ, ಇಲ್ಲವೇ ಅಳುತ್ತಿದ್ದೆ. ಪಂದ್ಯದ ವಾರದಲ್ಲಿ ನಿನಗೆ ಅವೆರಡೂ ಬೇಡ ಅನಿಸಿತು. "ಒಂದು ಮೆಸೇಜಾದ್ರೂ ಹಾಕೇ, ಹುಡುಗ ಗಾಬರಿ ಬೀಳ್ತಾನೆ" ಎಂದು ನಿಮ್ಮಪ್ಪ ದಿನಾ ಹೇಳುತ್ತಿದ್ದಾರೆ. ನನ್ನ ಸಂಕಟ ಮೆಸೇಜಿಗೆ ಹಿಡಿಸುವಂಥದ್ದಲ್ಲ, ಅದಕ್ಕೇ ಕಾಗದ. ಕೂತರೆ ಕೂರಲಾಗುತ್ತಿಲ್ಲ, ನಿಂತರೆ ನಿಲ್ಲಲಾಗುತ್ತಿಲ್ಲ. ಇಷ್ಟು ಬರೆಯುವುದರೊಳಗೆ ಒಮ್ಮೆ ಎದ್ದು ಒಲೆ ಒರೆಸಿ ಬಂದೆ. ಒಲೆ ಮೊದಲೇ ಚೊಕ್ಕಟವಾಗಿತ್ತು.

ನಿಮ್ಮಪ್ಪನ ಸೊಂಟ ಈಗ ಪರವಾಗಿಲ್ಲ, ಕೋಳಿ ಲಾರಿ ಓಡಿಸಲು ಮತ್ತೆ ಹೋಗುತ್ತಿದ್ದಾರೆ. ನಾಯಿ ಪಕ್ಕದ ಮನೆಯ ಒಂದು ಕಾಲಿನ ಬೂಟು ಕದ್ದು ತಂದಿದೆ. ಊರಲ್ಲೆಲ್ಲ ಇನ್ನೂ ಆ ಶನಿವಾರದ ಕಾಲೇಜು ಫುಟ್‌ಬಾಲ್ ಪಂದ್ಯದ ನಿನ್ನ ಕೆಟ್ಟ ಎಸೆತದ್ದೇ ಮಾತು. ಬಗ್ಗಿ ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಎಸೆಯುವವನ ಹೆಸರು ಯಾರಿಗೆ ನೆನಪಿರುತ್ತದೆ, ಎಸೆತ ತಪ್ಪಿದ ದಿನ ಬಿಟ್ಟು? ಕ್ಷೌರದಂಗಡಿಯ ಡ್ವೈಟ್ ನನ್ನನ್ನು ಕಂಡವನೇ, "ರೊಂಡಾ, ನಿನ್ ಮಗ ಚೆಂಡು ಎಸೆದಿದ್ದಾ, ಹಕ್ಕಿ ಹೊಡೆದಿದ್ದಾ?" ಎಂದ. "ನೀನು ಒಂದ್ಸಲ ಬಗ್ಗಿ ತೋರ್ಸೋ, ನಿನ್ನ ಎತ್ತೋಕೆ ಟ್ರ್ಯಾಕ್ಟರ್ ತರ್ಸ್ಬೇಕಾಗುತ್ತೆ" ಎಂದೆ.

ಈಗ ವಿಷಯಕ್ಕೆ ಬರುತ್ತೇನೆ. ಪಂದ್ಯದ ಹಿಂದಿನ ಶುಕ್ರವಾರ ಚರ್ಚಿನ ಅಂಗಳದಲ್ಲಿ ನಾವು ಹೆಂಗಸರು ಮೀನು ಕರಿದು ಮಾರುವುದು, ಬಂದದ್ದನ್ನೆಲ್ಲ ನಿಮ್ಮ ತಂಡದ ಆಟಗಾರರಿಗೆ ದುಡ್ಡು ಕೊಡುವ ನಿಧಿಗೆ ಹಾಕುವುದು ನಿನಗೆ ಗೊತ್ತೇ ಇದೆ. ಮೇಜಿನ ಮೇಲೆ ಸಾಲಾಗಿ ಉಪ್ಪಿನಕಾಯಿ ಜಾಡಿಗಳು, ಒಂದೊಂದರ ಮೇಲೆ ನಿಮ್ಮೊಬ್ಬೊಬ್ಬರ ಪಟ. ಯಾರ ಪಟದ ಜಾಡಿಗೆ ದುಡ್ಡು ಬಿತ್ತೋ ಅದು ಅವನಿಗೇ ಸೇರುತ್ತದೆ ಎಂದು ಊರಿಗೆ ಊರೇ ನಂಬಿತ್ತು. ನಾನೂ ನಂಬಿದ್ದೆ. ನಿನ್ನ ಜಾಡಿ ಖಾಲಿ ಕಾಣಬಾರದೆಂದು ಯಾರೂ ನೋಡದಾಗ ನಾನೇ ನೋಟು ತುರುಕುತ್ತಿದ್ದೆ. ನಗಬೇಡ. ತಾಯಂದಿರೆಲ್ಲ ಅದನ್ನೇ ಮಾಡುತ್ತಾರೆ.

ಎರಡು ವಾರದ ಹಿಂದಿನ ಶುಕ್ರವಾರ ಮಿಸ್ ಯೂಲಾ ಎಣ್ಣೆ ಬಾಣಲೆಯ ಮುಂದಿನಿಂದ ತಿರುಗಿದವರೇ ಹೊಯ್ಟ್ ಬ್ಲೆವಿನ್ಸ್‌ನನ್ನು ಹಿಡಿದರು. ನಿಧಿಗೆಲ್ಲ ಅವನೇ ಯಜಮಾನ ತಾನೇ.

"ಹೊಯ್ಟ್, ಈ ಬಾಣಲೆ ಮುಂದೆ ನಿಂತು ನಿಂತು ನನ್ನ ಹುಬ್ಬೇ ಸುಟ್ಟುಹೋಯ್ತು. ಯಾವ ಹುಡುಗನಿಗೆ ಎಷ್ಟು ಕೊಟ್ಟೆ, ಹೇಳಪ್ಪ."

ಹೊಯ್ಟ್ ನಕ್ಕ. "ಲೆಕ್ಕ ಬಾಯ್ಬಿಟ್ರೆ ನಾಳೇನೇ ಪಕ್ಕದ ರಾಜ್ಯದೋರು ಅದಕ್ಕಿಂತ ಹೆಚ್ಚು ಕೊಟ್ಟು ನಮ್ಮ ಹುಡುಗರನ್ನ ಎತ್ತಾಕ್ಕೊಂಡು ಹೋಗ್ತಾರೆ, ಮಿಸ್ ಯೂಲಾ. ಹೇಳ್ಲೇಬೇಕು ಅಂತ ಯಾವ ಕಾನೂನೂ ಇಲ್ಲ."

"ನಾನೇನು ಪಕ್ಕದ ರಾಜ್ಯದೋಳಾ? ಚರ್ಚಿನ ಭಾನುವಾರದ ಶಾಲೇಲಿ ನಿನ್ನ ಮೂಗು ಒರೆಸ್ದೋಳು ಕಣೋ ನಾನು! ಲೆಕ್ಕ ಇಲ್ವಾ? ಹಾಗಾದ್ರೆ ಮೀನೂ ಇಲ್ಲ." ಅವರು ಜಾಲರಿ ಸೌಟು ಕೆಳಗಿಟ್ಟರು. ಉಳಿದ ಹೆಂಗಸರೂ ಇಟ್ಟರು. ತಟ್ಟೆ ಹಿಡಿದು ಸಾಲಿನಲ್ಲಿ ನಿಂತವರು ಮುಖ ಮುಖ ನೋಡಿಕೊಂಡರು.

ಆಗ ನಾನು ಮಾತಾಡಿದೆ ಕಣೋ. ಯಾರು ಹೇಳಿದ್ದರು ನನಗೆ? ಸೆಪ್ಟೆಂಬರಿನಲ್ಲಿ ನನ್ನ ಹುಟ್ಟುಹಬ್ಬಕ್ಕೆ ನೀನು ತಂದುಕೊಟ್ಟ ಕೋಟನ್ನು ಆ ಸೆಕೆಯಲ್ಲೂ ಹಾಕಿಕೊಂಡೇ ಹೋಗಿದ್ದೆ, ನಾಲ್ಕು ಜನ ನೋಡಲಿ ಎಂದು. ಸೆಕೆಗಾಲದಲ್ಲಿ ಕೋಟು ಕೊಡುವವನು ನೀನು, ಹಾಕಿಕೊಳ್ಳುವವಳು ನಾನು. ತಾಯಿ ಮಗ ಇಬ್ಬರಿಗೂ ಒಂದೇ ಹುಚ್ಚು. "ನನ್ ಜಾಡಿ ದುಡ್ಡು ಕೈಗೆ ಬಂತಮ್ಮಾ, ಅದ್ರಲ್ಲೇ ತಂದೆ" ಎಂದಿದ್ದೆಯಲ್ಲ, ಅದನ್ನೇ ಎಲ್ಲರೆದುರು ಹೇಳಿದೆ. "ನೋಡಿ, ಮುಟ್ಟಿ ನೋಡಿ! ನೀವು ಹಾಕಿದ ದುಡ್ಡು ನನ್ ಮಗನಿಗೆ ತಲುಪಿದೆ. ಹೊಯ್ಟ್ ಮೇಲೆ ಯಾಕೆ ಅನುಮಾನ ಪಡ್ತೀರಿ?"

ಹೊಯ್ಟ್ ಕೋಟನ್ನು ನೋಡಿದ, ನನ್ನ ಮುಖ ನೋಡಲಿಲ್ಲ. ಆಮೇಲೆ "ಹೌದು ಮತ್ತೆ! ಅದೇ ತಾನೇ ನಮ್ಮ ಕೆಲಸ" ಎಂದ. ಜನ ಚಪ್ಪಾಳೆ ತಟ್ಟಿದರು. ಮಿಸ್ ಯೂಲಾ ಸೌಟು ಎತ್ತಿಕೊಂಡರು. ಅವತ್ತು ಜಾಡಿಗಳು ತುಂಬಿದಷ್ಟು ಎಂದೂ ತುಂಬಿರಲಿಲ್ಲ. ಮರುದಿನವೇ ಅವನ ಟ್ರ್ಯಾಕ್ಟರ್ ಅಂಗಡಿಯ ಮುಂದೆ, ಹೆದ್ದಾರಿಗೆ ಕಾಣುವ ಹಾಗೆ ಬೋರ್ಡ್ ಎದ್ದಿತು. ಕೋಟು ತೊಟ್ಟು ಹಲ್ಲು ಕಿರಿಯುತ್ತಿರುವ ನಿನ್ನಮ್ಮನ ಪಟ, ಕೆಳಗೆ "ನೀವು ಕೊಟ್ಟದ್ದು ಇಲ್ಲಿಗೆ ತಲುಪಿದೆ" ಎಂಬ ಬರಹ.

ಅದಾದ ಮೇಲಿನ ಸೋಮವಾರ ಹೊಯ್ಟ್‌ನ ಸೊಸೆ ಕೆಲ್ಸಿ, ನಿಧಿಯ ಚೆಕ್ಕು ಬರೆಯುವವಳು, ನನ್ನ ಗಾಜಿನ ಪಾತ್ರೆ ವಾಪಸು ಕೊಡುವ ನೆಪದಲ್ಲಿ ಬಂದಳು. ಬಾಗಿಲಲ್ಲೇ ನಿಂತು ಅಳತೊಡಗಿದಳು.

"ಆಂಟಿ, ಆ ಬೋರ್ಡ್ ನೋಡಿ ಸುಮ್ನಿರೋಕಾಗ್ಲಿಲ್ಲ. ಜ್ಯಾರೆಟ್ ಹೆಸರಿಗೆ ನಾನು ಇವತ್ತಿನವರೆಗೂ ಒಂದು ಚೆಕ್ಕೂ ಬರೆದಿಲ್ಲ. ಜಾಡಿ ಎಲ್ಲಾ ಒಂದೇ ಚೀಲಕ್ಕೆ ಸುರೀತಾರೆ. ನಾಲ್ಕೈದು ದೊಡ್ಡ ಆಟಗಾರರಿಗೆ ಹೋಗುತ್ತೆ, ಮಿಕ್ಕಿದ್ದು ದೊಡ್ಡ ಮನುಷ್ಯರ ಊಟಕ್ಕೆ, ಮಾವನ ಅಂಗಡಿ ಬಾಡಿಗೆಗೆ."

"ನಾನು ಎದ್ದು ನಿಂತು ಹೇಳಿದಾಗ ಹೊಯ್ಟ್‌ಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು ಆಂಟಿ."

ಏಪ್ರನ್ ಕೂಡ ಬಿಚ್ಚದೆ ನೇರ ಟ್ರ್ಯಾಕ್ಟರ್ ಅಂಗಡಿಗೆ ಹೋಗಿ "ಬೋರ್ಡ್ ಇಳ್ಸು" ಎಂದೆ. ಹೊಯ್ಟ್ ಕಾಫಿ ಹೀರುತ್ತಾ ತುಂಬ ಮರ್ಯಾದೆಯಿಂದಲೇ ಹೇಳಿದ: "ಇಳಿಸ್ತೀನಿ ರೊಂಡಾ ಅವ್ರೇ, ಈಗ್ಲೇ ಇಳಿಸ್ತೀನಿ. ಯಾಕೆ ಇಳ್ಸಿದ್ರಿ ಅಂತ ಊರು ಕೇಳುತ್ತಲ್ಲ, ಏನು ಹೇಳ್ಲಿ? ಜ್ಯಾರೆಟ್ ಹೆತ್ತ ತಾಯಿಗೇ ಸುಳ್ಳು ಹೇಳ್ದ ಅಂತಲಾ?"

ಬರಿಗೈಯಲ್ಲಿ ಬಂದೆ. ಬೋರ್ಡ್ ಇನ್ನೂ ಅಲ್ಲೇ ಇದೆ. ಅದರ ಮುಂದೆ ಹೋಗಬಾರದೆಂದು ಅಂಗಡಿಗೂ ಸುತ್ತಿ ಬಳಸಿ ಹೋಗುತ್ತಿದ್ದೇನೆ. ಮಿಸ್ ಯೂಲಾ ಎದುರಾದರೆ ತಲೆ ತಗ್ಗಿಸುತ್ತೇನೆ. ನನ್ನ ಮಾತು ನಂಬಿ ಅವರು ಸೌಟು ಎತ್ತಿಕೊಂಡರಲ್ಲ, ಅದೇ ಕೊರೆಯುತ್ತಿದೆ. ಸುಮ್ಮನಿದ್ದರೆ ಊರವರ ಜೇಬಿಗೆ ನಾನೇ ಕೈ ಹಾಕಿಸಿದ ಹಾಗೆ. ಬಾಯಿ ಬಿಟ್ಟರೆ ನೀನು ಎಲ್ಲರ ಬಾಯಿಗೆ ಬೀಳುತ್ತೀಯ, ಎಸೆತದ ಅಣಕ ಸಾಲದು ಎಂಬಂತೆ.

ಆದರೂ ಈ ಶುಕ್ರವಾರ ಎದ್ದು ನಿಂತು ಹೇಳುತ್ತೇನೆ, ಜ್ಯಾರೆಟ್. ಕೆಲ್ಸಿಯ ಹೆಸರು ಎತ್ತುವುದಿಲ್ಲ. "ನನ್ ಮಗನಿಗೆ ಒಂದು ಕಾಸೂ ಬಂದಿಲ್ಲ, ನಂಗೆ ಬೇಜಾರಾಗ್ಬಾರ್ದು ಅಂತ ಬಂತು ಅಂದ, ನಾನು ನಂಬ್ದೆ. ಈಗ ಹೊಯ್ಟ್ ಲೆಕ್ಕ ತೋರಿಸ್ಲಿ" ಎನ್ನುತ್ತೇನೆ. ನೀನು ಬೇಡ ಎನ್ನುತ್ತೀಯ, ಗೊತ್ತು. ಅದಕ್ಕೇ ಫೋನ್ ಎತ್ತುತ್ತಿಲ್ಲ. ನಿನ್ನ ಮೇಲೆ ಕೋಪವಿಲ್ಲ ಎಂದರೆ ಸುಳ್ಳಾಗುತ್ತದೆ. ಕೋಪ ಇದೆ, ಬೇಕಾದಷ್ಟಿದೆ. ಅದರ ಜೊತೆ ಇನ್ನೇನೋ ಇದೆ, ಅದು ಕೋಪಕ್ಕಿಂತ ಹೆಚ್ಚು ಉರಿಯುತ್ತದೆ.

ಶನಿವಾರ ನೆಟ್ಟಗೆ ಎಸೆ. ದೇವರು ನಿನ್ನ ಕೈಯಲ್ಲಿ ಬಲ ತುಂಬಲಿ, ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನನ್ನು ಬೈಯುತ್ತಲೇ ಹರಸುವ
ಅಮ್ಮ

ಮತ್ತೆ: ಕಾಗದ ಮಡಿಸಿದ್ದೆ, ಮತ್ತೆ ಬಿಡಿಸಿದೆ. ಜಾಡಿ ದುಡ್ಡಲ್ಲದಿದ್ದರೆ ಕೋಟು ಯಾವ ದುಡ್ಡಿನದು ಎಂದು ನಾನು ಕೇಳಲಿಲ್ಲ, ನೋಡಿದೆಯಾ? ಹುಟ್ಟುಹಬ್ಬದ ದಿನ ಆ ಸೆಕೆಯಲ್ಲಿ ನೀನು ಉದ್ದ ತೋಳಿನ ಅಂಗಿ ತೊಟ್ಟು ಬಂದಿದ್ದೆ. ಪಾತ್ರೆ ತೊಳೆಯುವಾಗ ತೋಳು ಮೇಲಕ್ಕೆ ಸರಿಯಿತು. ಮೊಣಕೈಯ ಒಳಮಡಿಕೆಯಲ್ಲಿ ಹಳದಿಗಟ್ಟಿದ ಕಲೆ, ನಡುವೆ ಸೂಜಿಯ ಗುರುತು. "ಅಭ್ಯಾಸದಲ್ಲಿ ತಾಗಿತು" ಎಂದೆ ನೀನು. ಕಾರ್ಖಾನೆ ಮುಚ್ಚಿದ ವರ್ಷ ನಿಮ್ಮಪ್ಪ ರಕ್ತದ ತಿಳಿ ತೆಗೆದುಕೊಂಡು ದುಡ್ಡು ಕೊಡುವ ಹೆದ್ದಾರಿ ಪಕ್ಕದ ಪ್ಲಾಸ್ಮಾ ಅಂಗಡಿಯಲ್ಲಿ ತೋಳು ಚಾಚಿ ನಿನಗೆ ಹಾಲು ತರುತ್ತಿದ್ದರು. ಅವರ ತೋಳಿನಲ್ಲೂ ಇದೇ ಕಲೆ ಇತ್ತು. ಅವರಿಗೆ ಅಂದೇ ತಿಳಿಯಿತಂತೆ, ನಿನ್ನೆ ಹೇಳಿದರು. ಆ ಶನಿವಾರ ನಿನ್ನ ಎಸೆತ ಯಾಕೆ ತಪ್ಪಿತು ಎಂದೂ ಈಗ ಗೊತ್ತಾಯಿತು.

ಕೋಟು ಬಾಗಿಲ ಹಿಂದಿನ ಗೂಟದಲ್ಲಿ ತೂಗುತ್ತಿದೆ. ಶುಕ್ರವಾರ ಅದನ್ನೇ ಹಾಕಿಕೊಂಡು ಹೋಗುತ್ತೇನೆ. ನೀನು ನವೆಂಬರಿನಲ್ಲಿ ಹಬ್ಬಕ್ಕೆ ಬರುವಾಗ, ಎಷ್ಟೇ ಚಳಿಯಿದ್ದರೂ, ಬಾಗಿಲಲ್ಲಿ ಜಾಕೆಟ್ ತೆಗೆದು ಗಿಡ್ಡ ತೋಳಿನ ಅಂಗಿಯಲ್ಲಿ ಒಳಗೆ ಬಾ. ಎರಡು ತೋಳನ್ನೂ ನಾನು ನೋಡಬೇಕು.