ತಗಡಿನ ಮನೆಗಳ ಕಡೆ ಹೋಗಿದ್ದೇನೆ

ಮಗಳೇ,

"ಬಿಸಿಲು ಬರುತ್ತೆ ಅಂತ ಹೇಳೋಕೂ ಒಂದು ಆಫೀಸು ಬೇಕೇನೇ?" ಎಂದು ನಿನ್ನೆ ನಿನ್ನ ಮೇಲೆ ಕೂಗಾಡಿದ್ದು ನನ್ನ ತಪ್ಪು. ಅದಕ್ಕೆ ನೀನು ಉಪವಾಸ ಮಲಗಿದ್ದು ಇನ್ನೂ ದೊಡ್ಡ ತಪ್ಪು. ತಿಂಡಿ ಮುಚ್ಚಿಟ್ಟಿದ್ದೇನೆ, ತಿಂದೇ ಹೋಗು.

ನಿನ್ನ ಹವಾಮಾನ ಆಫೀಸಿನಿಂದ ನೀನು ಎಲ್ಲರ ಫೋನಿಗೂ ಕಳಿಸಿದ ಎಚ್ಚರಿಕೆಯನ್ನು ಬೆಳಗ್ಗೆ ಪೂರ್ತಿ ಓದಿದೆ. ಮೂರು ದಿನ ವಿಪರೀತ ಸೆಕೆ, ವಯಸ್ಸಾದವರ ಜೀವಕ್ಕೆ ಅಪಾಯ ಎಂದಿದ್ದೀಯ. ನಮ್ಮ ಗಾರೆ ಕೆಲಸವನ್ನು ಹನ್ನೊಂದಕ್ಕೇ ನಿಲ್ಲಿಸುತ್ತೇನೆ. ಆದರೆ ನಾವು ಕಟ್ಟುತ್ತಿರುವ ಕಟ್ಟಡದ ಹಿಂದಿನ ತಗಡಿನ ಮನೆಗಳ ಮುದುಕರ ಹತ್ತಿರ ಫೋನೇ ಇಲ್ಲವಲ್ಲೇ, ಪೆದ್ದಿ! ಬಾಗಿಲು ಬಾಗಿಲಿಗೂ ಹೋಗಿ ನಾನೇ ಕೂಗಿ ಹೇಳುತ್ತೇನೆ. ಅವರೆಲ್ಲ ಶಾಲೆಯ ನೆರಳಿಗೆ ಬರುವ ತನಕ ಮನೆಗೆ ಬರುವುದಿಲ್ಲ, ಕಾಯಬೇಡ.

ನೀನು ತುಂಬಿಸಿಟ್ಟ ನೀರಿನ ಬಾಟಲಿ ತೆಗೆದುಕೊಂಡಿದ್ದೇನೆ. ಕೂಗುವುದನ್ನಂತೂ ನನಗೆ ಯಾರೂ ಕಲಿಸಬೇಕಾಗಿಲ್ಲ.

ಅಪ್ಪ