ಒಂಬತ್ತನೆಯ ಆವೃತ್ತಿಯ ಮೊದಲ ಮೇಜು

ಒಳಪೇಟೆ
ಒಂಬತ್ತನೆಯ ಆವೃತ್ತಿಯ ಮೊದಲ ವರ್ಷ, ಕಡುಬಿಸಿಲ ತಿಂಗಳ ನಲವತ್ತೊಂದನೆಯ ದಿನ

ಆಟದ ಪುಸ್ತಕದ ಹೊಸ ಆವೃತ್ತಿ ಬರೆಯಲು ಕೂತಿರುವ ಹಿರಿಯರಿಗೆ ಅಕ್ಕಯಮ್ಮನ ನಮಸ್ಕಾರಗಳು.

ನಿಮ್ಮಲ್ಲಿ ಕೆಲವರಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಕ್ಕಿಲ್ಲ. ಆದರೂ ನೀವು ನನ್ನ ಮುತ್ತಜ್ಜನ ಮುತ್ತಜ್ಜನಿಗಿಂತ ಮುಂಚಿನವರು, ಹಿರಿಯರೇ ಎನ್ನದೆ ಬೇರೆ ದಾರಿಯಿಲ್ಲ. ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ತಿಂಗಳುಗಳು ಉದ್ದ, ವರ್ಷಗಳನ್ನು ನಾವು ಆಟದ ಆವೃತ್ತಿಗಳಿಂದ ಲೆಕ್ಕ ಹಾಕುತ್ತೇವೆ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ರೀತಿಯೂ ನಮಗೆ ವಿಚಿತ್ರವೇ. ಹೊಸ ಆವೃತ್ತಿ ಯಾರಿಗಾಗಿ ಎಂದು ತೀರ್ಮಾನಿಸುವಾಗ ನೀವು ಜನರನ್ನು ವಯಸ್ಸಿನಿಂದ ಅಳೆಯುತ್ತಿದ್ದಿರಂತೆ, ಹದಿನೆಂಟರಿಂದ ಮೂವತ್ತೈದರವರೆಗೆ ಎಂದು. ಮೂವತ್ತಾರು ತುಂಬಿದ ದಿನ ಮನೆಗೆ ಬಂದು ದಾಳ ಕಸಿದುಕೊಳ್ಳುತ್ತಿದ್ದಿರೋ ಏನೋ. ಯಾರಿಗಾಗಿ ಎಂಬ ಅದೇ ಪ್ರಶ್ನೆ ಹೋದ ವರ್ಷ ನಮ್ಮ ಮುಂದೆಯೂ ಬಂತು. ನಾವು ಗೆದ್ದೆವು. ಅದನ್ನು ಯಾರಿಗಾದರೂ ಹೇಳಿಕೊಳ್ಳದೆ ನನಗೆ ಅನ್ನ ಇಳಿಯುತ್ತಿಲ್ಲ.

ಒಳಪೇಟೆ ಎಂದರೆ ಕೋಲಾರದ ಹಳೆಯ ಚಿನ್ನದ ಗಣಿಗಳೊಳಗಿನ ನಮ್ಮ ಊರು. ಮೇಲೆ ಬೆಳಗಿನ ತಂಪಿನಲ್ಲಿ ರಾಗಿ, ಅವರೆ ನೋಡಿಕೊಂಡು ಬರುತ್ತೇವೆ. ಬಿಸಿಲೇರಿದ ಮೇಲೆ ಸಂಜೆಯವರೆಗೂ ಯಾರೂ ಮೇಲೆ ನಿಲ್ಲುವಂತಿಲ್ಲ. ಆ ಹೊತ್ತಿಗೆ ನೆರಳುಹೊತ್ತು ಎಂದು ಹೆಸರು. ಅಷ್ಟೂ ಹೊತ್ತು ಸುರಂಗದ ತಂಪಿನಲ್ಲಿ ಕಲ್ಲಿನ ಮೇಜುಗಳ ಸುತ್ತ ಕೂತು ಆಡುತ್ತೇವೆ. ಆಟ ನಿಮ್ಮದೇ. ಒಬ್ಬರು ಕಥೆ ನಡೆಸುತ್ತಾರೆ, ಮಿಕ್ಕವರು ಒಂದೊಂದು ಪಾತ್ರವಾಗಿ ತಾವೇನು ಮಾಡುತ್ತೇವೆಂದು ಹೇಳುತ್ತಾರೆ, ಅದು ಆಯಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಪಾತ್ರ ಸತ್ತವರು ಮೇಜು ಬಿಟ್ಟೆದ್ದು ಎಲ್ಲರಿಗೂ ಅಂಬಲಿ ಕಾಯಿಸಿ ತರಬೇಕೆನ್ನುವುದು ಹಳೆಯ ನಿಯಮ, ನಮಗೆ ಅದೊಂದು ತಮಾಷೆ. ಆದರೆ ಮೇಜು ಬರೀ ಆಟಕ್ಕಲ್ಲ. ಸುರಂಗಕ್ಕೆ ಗಾಳಿ ತರುವ ದೊಡ್ಡ ಚಕ್ರಗಳನ್ನು ತುಳಿಯುವ ಸರದಿಗೆ ಗಾಳಿಪಾಳಿ ಎನ್ನುತ್ತೇವೆ, ಅದನ್ನು ಮೇಜಿನ ಹೆಸರಲ್ಲೇ ಹಂಚುವುದು. ಒಂದೇ ಮೇಜಿನಲ್ಲಿ ಜೊತೆಗೆ ಆಡಿದವರು ಚಕ್ರ ಬಿಟ್ಟು ಓಡುವುದಿಲ್ಲ ಎಂಬ ನಂಬಿಕೆ. ಹಾಗಾಗಿ ಮೇಜಿಲ್ಲದವರಿಗೆ ಪಾಳಿಯಿಲ್ಲ, ಪಾಳಿಯಿಲ್ಲದವರಿಗೆ ಊರಿನಲ್ಲಿ ಮನೆಯಿಲ್ಲ.

ಕಡಲು ಏರಿ ಕುಂದಾಪುರದ ಕಡೆಯಿಂದ ಜನ ನಮ್ಮಲ್ಲಿಗೆ ಬಂದಾಗ ತೊಡಕು ಶುರುವಾಯಿತು. ಕಡುಬಿಸಿಲ ತಿಂಗಳೊಳಗೆ ಅವರಿಗೆ ಮೇಜು ಸಿಗದಿದ್ದರೆ, ಮನೆಮಂದಿಯನ್ನು ಒಡೆದು ಜಾಗವಿದ್ದ ಊರುಗಳಿಗೆಲ್ಲ ಹಂಚಿ ಕಳಿಸಬೇಕಿತ್ತು. ನಮ್ಮವರು ಸೇರಿಸಿಕೊಳ್ಳಲು ಒಲ್ಲೆ ಎನ್ನಲಿಲ್ಲ. ಆದರೆ ನಮ್ಮ ಎಂಟನೆಯ ಆವೃತ್ತಿ ತಲೆದಿಂಬಿನಷ್ಟು ದಪ್ಪ, ಹಿಂದಿನ ಏಳೂ ಗೊತ್ತಿದ್ದವರಿಗೆ ಮಾತ್ರ ಅರ್ಥವಾಗುವಂಥದು. ಕಡಲಿನವರು ಒಂದು ದಿನ ಬಂದು ಕೂರುತ್ತಿದ್ದರು, ಮರುದಿನ ಗೋಡೆಗೊರಗಿ ನೆಲ ನೋಡುತ್ತಿದ್ದರು. ಅವರಲ್ಲಿ ಬೇಬಿಯಕ್ಕ ಎಂಬ ಮೀನು ಮಾರುತ್ತಿದ್ದ ಹೆಂಗಸು ನನ್ನ ಮನೆಯ ಪಕ್ಕದ ಕಲ್ಲುಗೂಡಿಗೆ ಸದ್ಯಕ್ಕೆಂದು ಬಂದಿದ್ದರು, ಜೊತೆಗೆ ಆಕೆಯ ತಮ್ಮ ನಾರ್ಣ. ದೋಣಿ ಮಗುಚಿ ಹೆಂಡತಿಯನ್ನು ಕಳೆದುಕೊಂಡ ಮೇಲೆ ಆತ ಅಕ್ಕನೊಬ್ಬಳನ್ನು ಬಿಟ್ಟು ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಅವನನ್ನು ಬೇರೆ ಊರಿಗೆ ಕಳಿಸಿದರೆ ಬದುಕುವುದಿಲ್ಲ ಎಂದು ಆಕೆ ನನ್ನೆದುರು ಅತ್ತರು. ಆಟದ ಪುಸ್ತಕ ಬರೆಯುವ ಮನೆತನ ನಮ್ಮದು. ಇವರಿಗಾಗಿಯೇ ಒಂಬತ್ತನೆಯದನ್ನು ಬರೆಯುತ್ತೇನೆ ಎಂದು ನಾನು ಹಟ ಹಿಡಿದೆ.

ಆಟದ ತೀರ್ಪುಗಾರ ಪಿಳ್ಳಣ್ಣ ಮೂಗು ಮುರಿದ. “ಊರಿಗ್ ಬಂದೋಳು ನೀರಿಗ್ ಬರ್ದೆ ಇರ್ತಾಳಾ? ನಿದಾನುಕ್ ಕಲೀತಾರೆ ಬಿಡಮ್ಮ. ಆಡೋರ್ನ ಬಿಟ್ಟು ಆಡ್ದೇ ಇರೋರಿಗ್ ಯಾರಾನ ಪುಸ್ತಕ ಬರೀತಾರಾ?” ಎಂದ. ಕೆಟ್ಟವನಲ್ಲ, ಆಟವನ್ನು ಹೆಂಡತಿಗಿಂತ ಹೆಚ್ಚು ಪ್ರೀತಿಸುವವನು, ಅಷ್ಟೇ. ನಿಧಾನಕ್ಕೆ ಕಲಿಯಲು ಅವರಿಗೆಲ್ಲಿದೆ ಕಾಲ ಎಂದು ನಾನು ಜಗಳವಾಡಿದೆ. ಕೊನೆಗೆ ಮೂಕಮೇಜು ನಡೆಯಲಿ ಎಂದಾಯಿತು.

ಮೂಕಮೇಜು ನಮ್ಮ ಪರೀಕ್ಷೆ. ಆಟ ಗೊತ್ತಿಲ್ಲದವರಿಗೆ ಹೊಸ ಪುಸ್ತಕ ಕೊಟ್ಟು ಕೂರಿಸುತ್ತಾರೆ. ಬರೆದವಳು ಬಾಯಲ್ಲಿ ಹುಣಸೆಬೀಜ ಇಟ್ಟುಕೊಂಡು ಪಕ್ಕದಲ್ಲಿ ಕೂರಬೇಕು. ವಿವರಿಸಲು ಬಾಯಿ ತೆರೆದು ಬೀಜ ಬಿತ್ತೋ, ಆ ಆವೃತ್ತಿ ಸತ್ತಂತೆ. ಹೊರಗಿನ ನೆರವಿಲ್ಲದೆ, ಪುಸ್ತಕ ಹೇಳಿದ ಹಾಗೆ ಆಡಿ ಕಥೆಯ ಕೊನೆ ಮುಟ್ಟಿದರೆ ಗೆದ್ದಂತೆ. ಆ ದಿನ ಊರಿಗೆ ಊರೇ ಬಂದು ನಿಂತಿತ್ತು. ಕಥೆ ನಡೆಸಿದ್ದು ಬೇಬಿಯಕ್ಕ. ನಾರ್ಣನೂ ಇನ್ನಿಬ್ಬರು ಕಡಲಿನವರೂ ದೀಪ ಹಿಡಿದು ಪಾಳುಗಣಿ ದಾಟುವವರಾಗಿ ಆಡಿದರು. ಮೊದಲು ತಡವರಿಸಿದರು, ಆಮೇಲೆ ನಕ್ಕರು, ಅರ್ಧ ದಾರಿಗೆ ಬರುವಷ್ಟರಲ್ಲಿ ನಾರ್ಣ ಬಾಯಿಬಿಟ್ಟು “ನಾ ಮುಂದ್ ಹೋತೆ” ಎಂದ. ನನ್ನ ಕಣ್ಣಲ್ಲಿ ನೀರು ತುಂಬಿತು. ಅಷ್ಟರಲ್ಲಿ ಅವನ ದಾಳ ಕೆಟ್ಟದಾಗಿ ಬಿತ್ತು. ಅವನ ಪಾತ್ರ ಪಾಳುಗಣಿಯೊಳಗಿನ ಸೇತುವೆಯಿಂದ ಪ್ರಪಾತಕ್ಕೆ ಉರುಳಿತು.

ಅಂಬಲಿಯ ನಿಯಮವನ್ನು ನಾನು ಒಂಬತ್ತನೆಯದರಲ್ಲೂ ಹಾಗೇ ಉಳಿಸಿದ್ದೆ, ತೆಗೆಯಬೇಕೆಂದು ಹೊಳೆದಿರಲೇ ಇಲ್ಲ. ನಾರ್ಣ ಅದನ್ನು ಓದಿದ. ಮುಖ ಬೂದಿಯಾಯಿತು. ಮೇಜು ಬಿಟ್ಟೇಳು ಎಂದರೆ ಊರು ಬಿಟ್ಟೇಳು ಎಂದೇ ಅವನಿಗೆ ಕೇಳಿಸಿರಬೇಕು. ಎದ್ದು ನಿಂತ. ತಮಾಷೆ ಕಣಪ್ಪ, ಅಂಬಲಿ ಕಾಯಿಸಿ ವಾಪಸ್ ಬಾ ಎಂದು ಕೂಗಬೇಕೆನಿಸಿತು. ಬಾಯಲ್ಲಿ ಬೀಜ. ನನ್ನ ಜೀವಮಾನದಲ್ಲಿ ಅಷ್ಟು ಸಂಕಟ ಪಟ್ಟಿಲ್ಲ.

ಬೇಬಿಯಕ್ಕ ಅವನ ಮುಂಗೈ ಹಿಡಿದು ಎಳೆದರು. “ಎಲ್ಲಿಗ್ ಹೋಪುದ್ ನೀನು? ಕೂಕೋ. ನೀರಿಗ್ ಬಿದ್ದವ್ರನ್ ಬಿಟ್ಟಿಕ್ಕಿ ದೋಣಿ ದಡಕ್ ಬಪ್ಪುಕ್ ಆತ್ತಾ?” ಎಂದವರೇ, ಬಿದ್ದ ಪಾತ್ರವನ್ನು ಮೇಲೆತ್ತಲು ಉಳಿದಿಬ್ಬರ ದಾಳಗಳನ್ನು ಬಾಚಿ ಅವನ ಮುಂದೆ ಇಟ್ಟರು, ತಮ್ಮದನ್ನೂ ಸೇರಿಸಿದರು. ಎಲ್ಲರ ದಾಳವನ್ನೂ ಒಬ್ಬನೇ ಎಸೆಯುವುದು ಯಾವ ಆವೃತ್ತಿಯಲ್ಲೂ ಇಲ್ಲ. ಪಿಳ್ಳಣ್ಣ ಆಟ ನಿಲ್ಲಿಸಲು ಕೈಯೆತ್ತಿದ. ನಾರ್ಣ ಕಣ್ಣುಮುಚ್ಚಿ ಎಸೆದ. ದಾಳಗಳು ಉರುಳಿ ನಿಂತವು, ಬೇಬಿಯಕ್ಕ ಬಗ್ಗಿ ಎಣಿಸತೊಡಗಿದರು. ಎತ್ತಿದ ಕೈಯನ್ನು ಇಳಿಸುವುದನ್ನೇ ಮರೆತ ಪಿಳ್ಳಣ್ಣ, ಕತ್ತು ಚಾಚಿ ಕೇಳಿದ: “ಮೇಲಕ್ ಬಂದ್ನಾ?”

ಬಂದಿದ್ದ. ಜನ ಕೂಗಿದ ಕೂಗಿಗೆ ಗೋಡೆಯ ಸುಣ್ಣ ಉದುರಿತು, ನಾನು ಖುಷಿಯಲ್ಲಿ ಹುಣಸೆಬೀಜ ನುಂಗಿಬಿಟ್ಟೆ. ಕಥೆ ಕೊನೆ ಮುಟ್ಟಿತು. ನಿಯಮ ಮುರಿದದ್ದು ಸೋಲಲ್ಲವೇ, ಬೀಜ ನುಂಗಿದ್ದು ಬೀಳಿಸಿದಂತಲ್ಲವೇ ಎಂದು ಹಳಬರು ತಕರಾರು ತೆಗೆದರು. ಪಿಳ್ಳಣ್ಣ ಅವರತ್ತ ತಿರುಗಿದ. “ಬೀಜ ನೆಲುಕ್ ಬಿದ್ದಿಲ್ಲ, ನುಂಗಿದ್ದು ಅವಳ ಹೊಟ್ಟೆ ಪಾಡು. ಇನ್ನ ನಿಯಮ ಅಂತೀರಾ, ನಲವತ್ತೊರ್ಸದಿಂದ ಆಡ್ತಿದೀನಿ, ಬಿದ್ದೋನ್ ಮೇಲಕ್ ಬರ್ಲಿ ಅಂತ ಒಂದ್ ದಿನಾನೂ ಕೈಮುಗ್ದಿರ್ಲಿಲ್ಲ. ಇವತ್ ಮುಗ್ದೆ. ಬರ್ಕೊಳ್ಳಮ್ಮ, ಅದೇ ನಿಯಮ” ಎಂದ. ಹಾಗೆಂದು ಅಂಬಲಿ ಕಾಯಿಸಲು ತಾನೇ ಹೋದ. ಗಂಟು ಗಂಟಾಗಿತ್ತು, ಆದರೂ ಎಲ್ಲರೂ ಎರಡೆರಡು ಲೋಟ ಕುಡಿದೆವು. ಒಂದು ವಾರದೊಳಗೆ ಕಡಲಿನವರಲ್ಲಿ ಮೇಜಿಲ್ಲದವರು ಯಾರೂ ಉಳಿಯಲಿಲ್ಲ, ಯಾವ ಮನೆಯೂ ಒಡೆಯಲಿಲ್ಲ.

ಹಿರಿಯರೇ, ನನ್ನದೊಂದು ಕೋರಿಕೆ. ಈಗಾಗಲೇ ಆಡುತ್ತಿರುವವರು ನಿಮ್ಮ ಪುಸ್ತಕ ಹೇಗಿದ್ದರೂ ಆಡುತ್ತಾರೆ, ಬೈದುಕೊಂಡಾದರೂ ಆಡುತ್ತಾರೆ. ಬರೆದು ಮುಗಿಸಿದ ಮೇಲೆ ಗೋಡೆಗೊರಗಿ ನಿಂತವರನ್ನು ಕರೆದು ಕೂರಿಸಿ, ನೀವು ಬಾಯಿ ಮುಚ್ಚಿಕೊಂಡಿರಿ. ಅವರು ತಪ್ಪಾಗಿ ಆಡಿದರೆ ತಡೆಯುವ ಮುಂಚೆ ಸ್ವಲ್ಪ ನೋಡಿ.

ಇಷ್ಟಕ್ಕೆ ನಿಲ್ಲಿಸುತ್ತೇನೆ, ಗಾಳಿಪಾಳಿಯ ಕೂಗು ಶುರುವಾಗಿದೆ. ಈಗಷ್ಟೇ “ಬೇಬಿಯಕ್ಕನ ಮೇಜು!” ಎಂದು ಕರೆದರು. ಎಲ್ಲರಿಗಿಂತ ಮೊದಲು ಸುರಂಗದ ಆ ತುದಿಯಿಂದ ನಾರ್ಣನ ದನಿ ಕೇಳಿತು: “ಹ್ವಾಯ್, ಬಂದ್ವ್ ಕಾಣಿ!”

ನಿಮ್ಮ
ಅಕ್ಕಯಮ್ಮ